ಒಳಕ್ಕೆ ಬಾಗಿದ ಕಂಬಿ

ಅಟ್ಟದ ಅಂಚಿಗೆ ಹೊಸದಾಗಿ ಹಾಕಿಸಿದ್ದ ಕಬ್ಬಿಣದ ಕಂಬಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಮಧ್ಯಾಹ್ನದ ಸೆಕೆಗೆ ಕಬ್ಬಿಣವೆಲ್ಲ ಬೆಚ್ಚಗಿತ್ತು. ನಡುವೆ ಒಂದು ಗೇಣಿನಷ್ಟು ಮಾತ್ರ ತಣ್ಣಗೆ ಕೊರೆಯುತ್ತಿತ್ತು. ಹಳೆಯ ಕಂಬಿಯಂತೆ ಇದೂ ಅಲ್ಲಿ ಒಳಕ್ಕೆ ಬಾಗಿತ್ತು.

ಮಗಳು ಮೊಮ್ಮಗಳನ್ನು ಕರೆದುಕೊಂಡು ನನ್ನಲ್ಲಿಗೇ ಇರಲು ಬರುವವಳಿದ್ದಳು. ಮಗು ಮಲಗಲು ಇದ್ದದ್ದು ಆ ಅಟ್ಟವೊಂದೇ.

ಕಂಬಿ ಹಾಕಿದ್ದ ವೆಲ್ಡರನ್ನು ಮತ್ತೆ ಕರೆಸಿದೆ.

"ಆನೆ ಕಟ್ಟಿದ್ರೂ ಜಗ್ಗಲ್ಲ ಅಂದಿದ್ನಲ್ಲ ಅಜ್ಜಿ, ನಿಜವಾಗ್ಲೂ ಆನೆ ಸಾಕಿದ್ದೀರೇನು?" ಎನ್ನುತ್ತ ಏಣಿ ಹತ್ತಿದ. ಕಂಬಿ ಮುಟ್ಟಿದ ಮೇಲೆ ನಗಲಿಲ್ಲ.

"ಒಳಗಿಂದ ಒರಗಿದ್ರೆ ಹೊರಕ್ಕೆ ಬಾಗಬೇಕು. ಇದನ್ನ ಯಾರೋ ಆ ಕಡೆಯಿಂದ ತಳ್ಳಿದ್ದಾರೆ."

"ಆ ಕಡೆ ನಿಲ್ಲೋಕೆ ನೆಲ ಎಲ್ಲಿದೆಯಪ್ಪ? ಕೆಳಗೆ ನಡುಮನೆ, ಮಧ್ಯೆ ಬರೀ ಗಾಳಿ."

"ಅದನ್ನೇ ನಾನೂ ನೋಡ್ತಿದ್ದೀನಿ."

ಬಡಿದು ನೇರ ಮಾಡಿ ಇಳಿದ. ಇಬ್ಬರೂ ಏಣಿಯ ಬುಡದಲ್ಲಿ ನಿಂತಿದ್ದಾಗಲೇ ಮೇಲೆ ಕಬ್ಬಿಣ ಮೆಲ್ಲಗೆ ಕಿರುಗುಟ್ಟಿತು. ನಾವು ತಲೆ ಎತ್ತಲಿಲ್ಲ.

"ಮಗೂನ ಅಲ್ಲಿ ಮಲಗಿಸಬೇಡಿ ಅಜ್ಜಿ," ಎಂದು, ಸುತ್ತಿಗೆಯನ್ನೂ ಅಲ್ಲೇ ಬಿಟ್ಟು ಹೋದ.

ಹಳೆಯ ಕಂಬಿ ಬಾಗಿದಾಗಲೇ ಬರಬೇಡ ಎಂದು ಮಗಳಿಗೆ ಬರೆದು, ಕಳಿಸಲು ಮನಸ್ಸಾಗದೆ ಎಷ್ಟೋ ದಿನದಿಂದ ಇಟ್ಟುಕೊಂಡಿದ್ದ ಕಾಗದವನ್ನು ಅಂದೇ ಅಂಚೆ ಡಬ್ಬಿಗೆ ಹಾಕಿದೆ. ಅವರಿಗೆ ಹೋಗಲು ಬೇರೆ ಮನೆಯಿಲ್ಲವೆಂಬುದು ನನಗೆ ಗೊತ್ತಿತ್ತು.