ಹಸಿರು ಎಂಜಿನ್ನಿನ ಕಾರ್ಡು

"ನನ್ನ ತಮ್ಮ ಕಳ್ಳ ಅಲ್ಲ ಅಂತ ನೀವೇ ತೋರಿಸಿಕೊಡ್ಬೇಕು, ಡಾಕ್ಟರಮ್ಮ. ಚೀಲ ಕಟ್ಕೊಂಡು ನಿಂತಿದ್ದಾನೆ. ಈಗ ಹೋದ್ರೆ ಇನ್ನು ನಮ್ಮ ಹೊಸ್ತಿಲು ತುಳಿಯಲ್ಲ."

ಮಹಡಿ ಮನೆಯ ಗಣಿತದ ಮೇಷ್ಟ್ರ ಹೆಂಡತಿ ಇಷ್ಟು ಹೇಳಿ ಕಣ್ಣೊರೆಸಿಕೊಂಡರು. ಹಲ್ಲಿನ ಡಾಕ್ಟರಮ್ಮ ಕ್ಲಿನಿಕ್ಕಿಗೆ ಬೀಗ ಹಾಕಿ ಎಷ್ಟೋ ಕಾಲವಾಗಿತ್ತು. ಆದರೂ ಆ ಕಟ್ಟಡದಲ್ಲಿ ಏನು ಕಳೆದರೂ ಜನ ಬಡಿಯುವುದು ಅವರ ಬಾಗಿಲನ್ನೇ. ಡಾಕ್ಟರಮ್ಮ ಮೇಷ್ಟ್ರ ಮನೆಗೆ ಹೊರಟಾಗ ಅವರ ಹಳೆಯ ಕಾಂಪೌಂಡರೂ ಏದುಸಿರು ಬಿಡುತ್ತಾ ಹಿಂದೆಯೇ ಮೆಟ್ಟಿಲು ಹತ್ತಿದ. ಅವನ ಪಾಲಿಗೆ ಕೇಸು ಆಗಲೇ ಮುಗಿದಿತ್ತು. ರಜೆಗೆ ಬಂದ ಭಾವಮೈದ, ಕಾಣೆಯಾದ ಕಾರ್ಡು, ಇನ್ನೇನು ಬೇಕು?

ಮೇಷ್ಟ್ರಿಗೆ ಎರಡು ಹುಚ್ಚು. ಹಿಂದೆ ಬಿಸ್ಕತ್ತಿನ ಪೊಟ್ಟಣದಲ್ಲಿ ಬರುತ್ತಿದ್ದ ರೈಲು ಎಂಜಿನ್ನಿನ ಕಾರ್ಡುಗಳನ್ನು ಕೂಡಿಡುವುದು ಒಂದು, ಮರಗೆಲಸ ಇನ್ನೊಂದು. ಈ ರಜೆಯಲ್ಲಿ ಎರಡಕ್ಕೂ ಗಂಟು ಹಾಕಿ, ಕಾರ್ಡಿಗೆಂದೇ ಡ್ರಾಯರುಗಳ ಪೆಟ್ಟಿಗೆ ಮಾಡಲು ಕೂತಿದ್ದರು. "ಎರಡು ದೋಣಿ ಮೇಲೆ ಕಾಲಿಟ್ಟಿದ್ದೀರಿ, ಭಾವ" ಎಂದು ಭಾವಮೈದ ರೇಗಿಸುತ್ತಿದ್ದ. ಈಗ ಕಳೆದದ್ದು ಹಸಿರು ಎಂಜಿನ್, ಎಲ್ಲಕ್ಕಿಂತ ಅಪರೂಪದ್ದು. ಹೆಂಡತಿ ವರ್ಷಗಟ್ಟಲೆ ಅಲೆದು ತಂದುಕೊಟ್ಟದ್ದು.

ಹಿಂದಿನ ಕೋಣೆಯ ತುಂಬ ಗೋಂದಿನ ವಾಸನೆ. ಆಲ್ಬಮ್ಮಿನಲ್ಲಿ ಒಂದು ಪ್ಲಾಸ್ಟಿಕ್ ಜೇಬು ಖಾಲಿಯಿತ್ತು, ಅದರ ಬಾಯಿಗೆ ಗೋಂದಿನ ಕಲೆ ಅಂಟಿತ್ತು. ಪಕ್ಕದಲ್ಲೇ ಅಂಚು ಸವೆದ ಕಾರ್ಡುಗಳ ರಾಶಿ.

"ಇವೇನು, ಮೇಷ್ಟ್ರೇ?"

"ಡಬಲ್ ಕಾರ್ಡುಗಳು, ಒಂದೇ ಥರದವು ಎರಡೆರಡು ಸಿಕ್ಕಿದ್ದು. ಡ್ರಾಯರಿನ ಎರಡೂ ಬದಿ ಸಂದು ಸಮ ಇರ್ಬೇಕಲ್ಲ? ಅದಕ್ಕೆ ಇವನ್ನ ನಡುವೆ ಇಟ್ಟು ಪಕ್ಕದ ಹಲಗೆ ಅಂಟಿಸ್ತೀನಿ, ಆಮೇಲೆ ಎಳೆದು ತೆಗೀತೀನಿ."

ಕಾಂಪೌಂಡರ್ ಡ್ರಾಯರುಗಳನ್ನು ಎಳೆದು ನೋಡಿದ. ಮೇಲಿನವು ಬೆಣ್ಣೆಯಂತೆ ಜಾರಿದವು. ಕೆಳಗಿನದು ಜಪ್ಪಯ್ಯ ಅನ್ನಲಿಲ್ಲ.

"ಅದನ್ನ ಮುಟ್ಬೇಡಿ! ಗೋಂದು ಇನ್ನೂ ಹಸಿ ಇದೆ" ಎಂದು ಮೇಷ್ಟ್ರು ಕೂಗಿದರು. ಡಾಕ್ಟರಮ್ಮ ಅಲ್ಲಿ ಒಸರಿದ್ದ ಗೋಂದಿನ ಹನಿಯನ್ನು ಉಗುರಿನಿಂದ ತಟ್ಟಿದರು. ಕಲ್ಲಿನಂತೆ ಗಟ್ಟಿಯಾಗಿತ್ತು.

ಭಾವಮೈದ ತಾನಾಗಿಯೇ ಚೀಲ ಬುಡಮೇಲು ಮಾಡಿ ತೋರಿಸಿದ. ಬಟ್ಟೆ ಬಿಟ್ಟರೆ ಏನೂ ಇಲ್ಲ. ಕಾಂಪೌಂಡರನ ಅನುಮಾನ ಇನ್ನಷ್ಟು ಬಲವಾಯಿತು. ಸಾಚಾ ಮನುಷ್ಯ ಇಷ್ಟು ಸಲೀಸಾಗಿ ಚೀಲ ಬಿಚ್ಚುತ್ತಾನೆಯೇ?

"ಎಲ್ಲರೂ ಇಲ್ಲೇ ಕೂತ್ಕೊಳ್ಳಿ" ಎಂದರು ಡಾಕ್ಟರಮ್ಮ. ಭಾವಮೈದ ಮಾತ್ರ ಚೀಲ ಹೆಗಲಿಗೇರಿಸಿ ನಿಂತೇ ಇದ್ದ.

"ಕಾರ್ಡು ತೆಗೆದ ಕೈಗೆ ಗೋಂದಿತ್ತು. ಅಂದ್ರೆ ಕೆಲಸದ ಮಧ್ಯೆ ತೆಗೆದದ್ದು. ಮೇಷ್ಟ್ರೇ, ಅದು ಡ್ರಾಯರಿನಲ್ಲಿ ಹೇಗೆ ಕೂರುತ್ತೆ ಅಂತ ನೋಡೋ ಆಸೆ ನಿಮಗಲ್ಲದೆ ಇನ್ಯಾರಿಗೆ? ನೋಡಿದ್ಮೇಲೆ ಅದನ್ನ ಈ ರಾಶಿ ಮೇಲಿಟ್ರಿ. ಆಮೇಲೆ ಕೈಗೆ ಸಿಕ್ಕಿದ ಕಾರ್ಡನ್ನ ಸಂದಿಗಿಟ್ಟು ಹಲಗೆ ಅಂಟಿಸಿದ್ರಿ. ಗೋಂದು ಒಸರಿ ಕಾರ್ಡೂ ಅಂಟಿಕೊಳ್ತು."

"ಸಂದಿನಲ್ಲಿ ಇರೋದು ಡಬಲ್ ಕಾರ್ಡೇ ಇರಬಹುದಲ್ಲ?" ಕಾಂಪೌಂಡರ್ ಸೋಲಲು ತಯಾರಿರಲಿಲ್ಲ.

"ಆಗಿದ್ರೆ ಇವರು ಉಳಿ ಹಾಕಿ ಕಿತ್ತೆಸೀತಿದ್ರು. ಒಣಗಿದ ಗೋಂದನ್ನ ಹಸಿ ಅಂತ ಸುಳ್ಳು ಹೇಳ್ತಿರಲಿಲ್ಲ. ಎಲ್ಲಿ, ನಿನ್ನ ದಾರ ಕೊಡು."

ಹಲ್ಲುಸಂದಿ ತೆಗೆಯುವ ದಾರದ ಡಬ್ಬಿ ಕಾಂಪೌಂಡರನ ಜೇಬಿನಲ್ಲಿ ಈಗಲೂ ಇರುತ್ತಿತ್ತು. ಡ್ರಾಯರಿನ ಎಡಗಡೆ ದಾರ ಸರಾಗ ಇಳಿಯಿತು, ಬಲಗಡೆ ತಡೆದು ನಿಂತಿತು. ಅಲ್ಲಿಗೆ ಟಾರ್ಚು ಹಿಡಿದಾಗ ಹಸಿರು ಅಂಚು ಹೊಳೆಯಿತು. ಕಾಂಪೌಂಡರಿಗೆ ಭಾವಮೈದನ ಮುಖ ನೋಡಲು ನಾಚಿಕೆಯಾಯಿತು.

ಮೇಷ್ಟ್ರು ತಲೆ ತಗ್ಗಿಸಿದರು. "ಇವಳು ಹುಡುಕಿ ತಂದದ್ದು. ಹಾಳು ಮಾಡ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. ಕಳೆದುಹೋಯ್ತು ಅಂದೆ, ಅಷ್ಟೇ. ಅವನ ಹೆಸರು ನಾನು ಎತ್ತಿಲ್ಲ."

"ಎತ್ತಿದೋಳು ನಾನು" ಎಂದರು ಹೆಂಡತಿ. "'ನೀನೇನಾದ್ರೂ ತೆಗೆದ್ಯಾ' ಅಂತ ನಿಮ್ಮೆದುರೇ ನನ್ನ ತಮ್ಮನ್ನ ಕೇಳ್ದೆ. ನೀವು ಬಾಯಿಗೆ ಬೀಗ ಹಾಕ್ಕೊಂಡು ಕೇಳಿಸ್ಕೊಂಡ್ರಿ."

ಮೇಷ್ಟ್ರು ಉಳಿ ಎತ್ತಿಕೊಂಡು ಪೆಟ್ಟಿಗೆಯತ್ತ ಬಗ್ಗಿದರು. ರಜೆಯ ಕೆಲಸವೆಲ್ಲ ಚೂರಾದರೂ ಸರಿ, ಕಾರ್ಡು ಬಿಡಿಸಿಕೊಡುವ ಹಟ ಅವರ ಮುಖದಲ್ಲಿತ್ತು. ಹೆಂಡತಿ ಉಳಿಯನ್ನು ಕಿತ್ತುಕೊಂಡರು.

"ಆ ಕಾರ್ಡು ಅಲ್ಲೇ ಇರಲಿ. ಮೊದಲು ಅವನ ಹೆಗಲ ಮೇಲಿರೋ ಚೀಲ ಇಳಿಸಿ."