ಎಪ್ಪತ್ತೆಂಟು ಕಿಲೋ ಎಂಟುನೂರ ಐವತ್ತು ಗ್ರಾಂ

10 ನವೆಂಬರ್ 2025, ಸೋಮವಾರ ಬೆಳಗ್ಗೆ 10.20ಕ್ಕೆ ಡಾಕ್ಟರ್ ಪೇರಿ ಉಮಾಮಹೇಶ್ವರಿ ವಿಜಯನಗರಂ ಪಟ್ಟಣದ ಠಾಣೆಗೆ ಬಂದು, ಕೂತುಕೊಳ್ಳಿ ಎನ್ನುವ ಮೊದಲೇ ಒಂದು ಕಾಗದವನ್ನು ಮೇಜಿನ ಮೇಲೆ ಒಗೆದರು.

"ಇದು ನನ್ನ ಹೆಸರು. ನನ್ನ ಸೈನ್ ಅಲ್ಲ. ನನ್ನ ಸೀಲೂ ಅಲ್ಲ."

ಇನ್‌ಸ್ಪೆಕ್ಟರ್ ರೊಂಗಲಿ ಕೂರ್ಮಾರಾವು ಕಾಗದ ಓದಿದ. ಗುಜ್ಜಂಗಿವಲಸದ ಭಾರ ಎತ್ತುವ ಹುಡುಗ ಬೆವರ ಪೋಲಿನಾಯುಡು, ವಯಸ್ಸು ಇಪ್ಪತ್ತೆರಡು. ಅವನಿಗೆ ಗಂಡಸಿನ ಹಾರ್ಮೋನು ಹುಟ್ಟಿನಿಂದಲೇ ಕಡಿಮೆ, ಚುಚ್ಚುಮದ್ದು ಕೊಡಲೇಬೇಕು, ಕ್ರೀಡೆಯಲ್ಲಿ ನಿಷೇಧವಿರುವ ಈ ಔಷಧಿಗೆ ವೈದ್ಯಕೀಯ ವಿನಾಯಿತಿ ನೀಡಬೇಕು ಎಂದು ದೆಹಲಿಯ ಉದ್ದೀಪನ ಮದ್ದು ತಡೆ ಸಂಸ್ಥೆಗೆ ಬರೆದ ಪತ್ರ. ಕೆಳಗೆ ಡಾಕ್ಟರ ಸಹಿ. ದಿನಾಂಕ 14 ಅಕ್ಟೋಬರ್.

"ದೆಹಲಿಯವರು ಖಾತ್ರಿ ಮಾಡ್ಕೊಳ್ಳೋಕೆ ಫೋನ್ ಮಾಡಿದ್ರು. ಈ ಹುಡುಗನ ಮುಖಾನೇ ನಾನು ನೋಡಿಲ್ಲ."

"ಸೀಲು ನಿಮ್ದಲ್ಲ ಅಂತ ಹೇಗೆ ಹೇಳ್ತೀರಿ?"

"ಆಗಸ್ಟ್‌ನಲ್ಲಿ ಹೊಸ ಸೀಲು ಮಾಡಿಸಿದೆ. ಇದರಲ್ಲಿರೋದು ಹಳೇದರ ನಕಲು. ಹಳೇ ಸರ್ಟಿಫಿಕೇಟ್ ಕೈಲಿದ್ದೋನು ಯಾರೋ ನೋಡ್ಕೊಂಡು ಮಾಡಿಸಿದಾನೆ."

11.05ಕ್ಕೆ ಎಫ್‌ಐಆರ್ ದಾಖಲಾಯಿತು: ಸುಳ್ಳು ದಾಖಲೆ ಸೃಷ್ಟಿ, ಅದನ್ನು ಅಸಲಿ ಎಂದು ಬಳಸಿದ್ದು. ಆರೋಪಿಯ ಜಾಗ ಖಾಲಿ.

ಮಧ್ಯಾಹ್ನ ದೆಹಲಿಯಿಂದ ಪತ್ರ ಬಂತು. ಗುಜ್ಜಂಗಿವಲಸದ ವ್ಯಾಯಾಮ ಶಾಲೆಯಿಂದ ಹೋಗಿದ್ದ ವಿನಾಯಿತಿ ಅರ್ಜಿಗಳನ್ನೆಲ್ಲ, ಪೊಲೀಸ್ ವರದಿ ಬರುವ ತನಕ ತಡೆಹಿಡಿದಿದ್ದಾರೆ. ಒಟ್ಟು ನಾಲ್ಕು. ಅದರಲ್ಲೊಂದು ಭಾರ ಎತ್ತುವ ಹುಡುಗಿ ಲೆಂಕ ಪೈಡಿತಲ್ಲಿಯದು.

ಪೈಡಿತಲ್ಲಿ ಮಾರನೇ ದಿನ ತಾನಾಗಿಯೇ ಠಾಣೆಗೆ ಬಂದಳು. ಹತ್ತೊಂಬತ್ತು ವರ್ಷ, ಗಿಡ್ಡ, ಕುತ್ತಿಗೆ ಎಮ್ಮೆಗರುವಿನದು. ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಊಟಕ್ಕೆ ಮುಂಚೆ ಎಲ್ಲರೆದುರೇ ಅಂಗಿ ಒಂದಿಷ್ಟು ಎತ್ತಿ ಹೊಟ್ಟೆಗೆ ಇನ್ಸುಲಿನ್ ಸೂಜಿ ಚುಚ್ಚಿಕೊಂಡಳು. ಕಾನ್‌ಸ್ಟೆಬಲ್ ಸಿಂಹಾಚಲಂ ಮುಖ ತಿರುಗಿಸಿದ.

"ಯಾಕೆ ಸಾರ್, ಪೊಲೀಸ್ನೋರು ಸೂಜಿಗೆ ಹೆದರ್ತಾರಾ?" ಅಂದಳು. ಆಮೇಲೆ ಕೂರ್ಮಾರಾವು ಕಡೆ ನೋಡಿ, "ಹತ್ತನೇ ವಯಸ್ಸಿಂದ ಸಕ್ಕರೆ ಕಾಯಿಲೆ ನಂಗೆ. ಇದು ಬಿಟ್ರೆ ನಾಲ್ಕು ದಿನಕ್ಕೆ ಸಾಯ್ತೀನಿ. ಆಟದಲ್ಲಿ ಇನ್ಸುಲಿನ್ನೂ ನಿಷೇಧ, ಪೇಪರಿಲ್ದೆ ಚುಚ್ಕೊಂಡ್ರೆ ಕಳ್ಳಿ. ಹಳೇ ಅನುಮತಿ ಹೋದ ತಿಂಗಳು ಮುಗೀತು. ಹತ್ತೊಂಬತ್ತನೇ ತಾರೀಖು ನ್ಯಾಷನಲ್ಸು, ಹದಿನೈದಕ್ಕೆ ರೈಲು. ಯಾವುದು ಮಾಡ್ಲಿ ಹೇಳಿ."

"ನಿನ್ನ ಪೇಪರು ಅಸಲಿನಾ?"

"ಡಾಕ್ಟ್ರಮ್ಮನ್ನೇ ಕೇಳಿ."

"ಕೇಳಿದೀವಿ. ಅಸಲಿ ಅಂತಾರೆ. ದೆಹಲಿಗೆ ಬೇಕಾಗಿರೋದು ಅವರ ಮಾತಲ್ಲ, ನನ್ನ ವರದಿ. ಸುಳ್ಳು ಬರೆದೋನು ಯಾರು, ಎಷ್ಟು ಬರೆದ ಅಂತ ಗೊತ್ತಾಗದೆ ನಾನು ಸೈನ್ ಹಾಕಲ್ಲ."

"ಹಂಗಾದ್ರೆ ಬೇಗ ಹಿಡೀರಿ," ಎಂದು ಅಂಬಲಿ ಕುಡಿದು, ಡಬ್ಬಿ ತೊಳೆದುಕೊಂಡು ಹೊರಟಳು. ಅಳಲಿಲ್ಲ. ಆ ಊರಿನ ಹುಡುಗಿಯರು ನೂರು ಕಿಲೋ ತಲೆ ಮೇಲೆತ್ತಿ ನಿಂತು ಅಭ್ಯಾಸವಾದವರು, ಠಾಣೆಯ ಬೆಂಚಿನ ಮೇಲೆ ಅಳುವವರಲ್ಲ.

ಹೆಡ್ ಕಾನ್‌ಸ್ಟೆಬಲ್ ಮಜ್ಜಿ ಎಲ್ಲಾರಮ್ಮ ಕಾಗದ ಎತ್ತಿಕೊಂಡಳು. ಅವಳೂ ಗುಜ್ಜಂಗಿವಲಸದವಳೇ. ಭಾರ ಎತ್ತಿಯೇ ಪೊಲೀಸ್ ನೌಕರಿ ಗಿಟ್ಟಿಸಿದವಳು. ಜೀಪು ಹೂತುಹೋದರೆ ಜ್ಯಾಕ್ ಹುಡುಕುವ ಬದಲು ಎಲ್ಲಾರಮ್ಮನನ್ನು ಕರೆಯಿರಿ ಎಂದು ಠಾಣೆಯಲ್ಲಿ ತಮಾಷೆ. ದೆಹಲಿಯವರು ಕಳಿಸಿದ್ದ ಎರಡು ಸರ್ಟಿಫಿಕೇಟಿನ ಪ್ರತಿ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದಳು. ಒಂದು ಪೈಡಿತಲ್ಲಿಯದು, ಇನ್ನೊಂದು ಪೋಲಿನಾಯುಡುವಿನದು.

"ಸಾರ್, ದೇಹದ ತೂಕ ಬರೆಯೋ ಜಾಗ ನೋಡಿ. ಪೈಡಿತಲ್ಲಿಗೆ ಡಾಕ್ಟ್ರು ಏನು ಬರೆದಿದಾರೆ?"

"ಐವತ್ತೆಂಟು."

"ಇವನಿಗೆ?"

"ಎಪ್ಪತ್ತೆಂಟು ಪಾಯಿಂಟ್ ಎಂಟು ಐದು."

"ಯಾವ ಡಾಕ್ಟ್ರು ಸಾರ್ ತೂಕಾನ ಗ್ರಾಂ ಲೆಕ್ಕದಲ್ಲಿ ಬರೀತಾರೆ? ಎಪ್ಪತ್ತೊಂಬತ್ತು ಅಂತ ಗೀಚಿ ಕಳಿಸ್ತಾರೆ. ಐವತ್ತು ಗ್ರಾಂ ಹೆಚ್ಚಾದ್ರೆ ಸ್ಪರ್ಧೆಯಿಂದ ಆಚೆ ಹಾಕ್ತಾರೆ ಅಂತ ಜೀವನವಿಡೀ ಹೆದರಿದೋನು ಬರೆದಿರೋದು ಇದು. ಡಾಕ್ಟ್ರ ಕೈಯಲ್ಲ. ನಮ್ಮ ಶಾಲೆ ಕೈ."

ಶಾಲೆಯಲ್ಲಿ ತೂಕ ಬರೆಯುವ ಕೈ ಒಂದೇ ಎಂದು ಅವಳಿಗೆ ಗೊತ್ತಿತ್ತು. ಅದು ಯಾರದೆಂದು ಕೂರ್ಮಾರಾವು ಕೇಳಲಿಲ್ಲ. ಕೇಳದೆ ಬಿಟ್ಟದ್ದು ಒಳ್ಳೆಯದೇ ಆಯಿತು; ಕಲಿಸಿದವನ ಹೆಸರು ಅವಳ ಬಾಯಿಂದ ಬರಬೇಕಾಗಲಿಲ್ಲ.

12 ನವೆಂಬರ್ ಬೆಳಗ್ಗೆ 9.30ಕ್ಕೆ ಪೋಲಿನಾಯುಡುವನ್ನು ಕರೆಸಿದರು.

"ಅರ್ಜಿ ಮೇಲೆ ಸೈನ್ ನಿಂದೇನಾ?"

"ನಂದೇ ಸಾರ್."

"ಓದಿದ್ಯಾ?"

"ಇಂಗ್ಲಿಷು ಸಾರ್."

"ನಿನಗೆ ಗಂಡಸಿನ ಹಾರ್ಮೋನು ಹುಟ್ಟಾ ಕಮ್ಮಿ ಅಂತ ಬರೆದಿದೆ."

ಹುಡುಗನ ಕಿವಿ ಕೆಂಪಾದವು. "ಊರಲ್ಲಿ ಗೊತ್ತಾದ್ರೆ ಮೀಸೆ ಬೋಳಿಸ್ಕೋಬೇಕು ಸಾರ್."

"ಇದ್ರೆ ತಾನೇ ಬೋಳಿಸೋದು," ಎಂದ ಸಿಂಹಾಚಲಂ.

"ಸುಮ್ನಿರಯ್ಯ," ಎಂದು ಗದರಿದ ಕೂರ್ಮಾರಾವು. "ಚುಚ್ಚುಮದ್ದು ತಗೊಂಡಿದ್ಯಾ ಇಲ್ವಾ?"

ತಗೊಂಡಿದ್ದ. ಆಗಸ್ಟ್‌ನಲ್ಲಿ ಭುಜ ಉಳುಕಿ, ಪಕ್ಕದೂರಿನಲ್ಲಿ ಡಿಗ್ರಿ ಇಲ್ಲದೆ ವೈದ್ಯವೃತ್ತಿ ಮಾಡುವವನೊಬ್ಬನ ಹತ್ತಿರ ಹೋಗಿದ್ದ. ಶಕ್ತಿಗೆ ಅಂತ ಐದು ಸೂಜಿ ಕೊಟ್ಟ. ಕೊನೆಯ ಸೂಜಿಯ ದಿನ ಬಾಟಲಿಯ ಫೋಟೋ ತೆಗೆದುಕೊಂಡಿದ್ದ. ಫೋನಿನಲ್ಲಿ ಆ ಫೋಟೋ ಇನ್ನೂ ಇತ್ತು; ಬಾಟಲಿಯ ಮೇಲೆ ಅರ್ಜಿಯಲ್ಲಿದ್ದ ಅದೇ ಹಾರ್ಮೋನಿನ ಹೆಸರು.

"ಫೋಟೋ ಯಾರಿಗೆ ತೋರಿಸಿದೆ?"

ಹುಡುಗ ಫೋನನ್ನು ಜೇಬಿಗೆ ಹಾಕಿಕೊಂಡ.

"ಕೇಳಿಸ್ತಿಲ್ವೇನೋ? ಅರ್ಜಿ ಬರೆದೋರು ಯಾರು?"

"ಹೊಡೆದ್ರೆ ಹೊಡೀರಿ ಸಾರ್. ಅದೊಂದು ಕೇಳಬೇಡಿ."

ಕೂರ್ಮಾರಾವು ಹೊಡೆಯಲಿಲ್ಲ. ಗುಜ್ಜಂಗಿವಲಸದ ಹುಡುಗ ಹಾಗೆ ಬಾಯಿ ಮುಚ್ಚುವುದು ಒಬ್ಬರ ಸಲುವಾಗಿ ಮಾತ್ರ.

13 ನವೆಂಬರ್, ಮಧ್ಯಾಹ್ನ 2.15. ಇಬ್ಬರು ಪಂಚರ ಎದುರು ವ್ಯಾಯಾಮ ಶಾಲೆಯಲ್ಲಿ ಪಂಚನಾಮೆ ಶುರುವಾಯಿತು. ತಗಡಿನ ಶೆಡ್ಡು, ನಿಂತು ಭಾರ ಎತ್ತುವ ಮೂರು ಹಲಗೆ, ತುಕ್ಕು ಹಿಡಿದ ತೂಕದ ಚಕ್ರಗಳು. ಮೂಲೆಯಲ್ಲಿ ಒದ್ದೆ ಬಟ್ಟೆ ಸುತ್ತಿದ ಮಡಕೆ, ಅದರೊಳಗೆ ಪೈಡಿತಲ್ಲಿಯ ಇನ್ಸುಲಿನ್. ಗೋಡೆ ತುಂಬ ಪದಕ ಗೆದ್ದವರ ಹೆಸರು, ನೀಲಿ ಬಣ್ಣದಲ್ಲಿ. ಅರವತ್ತೊಂದು ಹೆಸರು. ಇನ್ನೂರು ಮನೆಯ ಊರು. ಅಂಥ ಗೋಡೆ ಇನ್ನೆಲ್ಲಿದೆ ತೋರಿಸಲಿ ಯಾರಾದರೂ.

ತೂಕದ ಯಂತ್ರ ಎರಡು ದಶಾಂಶದವರೆಗೆ ತೋರಿಸುತ್ತಿತ್ತು. ಸಿಂಹಾಚಲಂ ಹತ್ತಿದ: 83.40. "ಕಾನ್‌ಸ್ಟೆಬಲ್‌ಗೆ ಇಷ್ಟು ಸಾಕು," ಎಂದಳು ಪಂಚ ಸಾಕ್ಷಿಯಾಗಿ ನಿಂತ ಮುದುಕಿ. ತೂಕದ ಪುಸ್ತಕ ತೆರೆದರು. ಅಕ್ಟೋಬರ್ 14, ಮಂಗಳವಾರ, ಬೆಳಗ್ಗೆ 6.00. ಪೋಲಿನಾಯುಡು, 78.85.

ಕೋಚ್ ಸೀರ ಅಪ್ಪಲಸ್ವಾಮಿ ಹಲಗೆಯ ಅಂಚಿನಲ್ಲಿ ಕೂತು ನೋಡುತ್ತಿದ್ದ. ಐವತ್ತಾರು ವರ್ಷ, ಅಂಗೈ ಚಪ್ಪಲಿಯ ಚರ್ಮದಂತೆ.

"ಈ ಬರಹ ನಿಮ್ದಾ ಮಾಸ್ಟಾರು?" ಕೂರ್ಮಾರಾವು ಕೇಳಿದ.

"ನಂದೇ."

"ಆ ಸರ್ಟಿಫಿಕೇಟು?"

ಅಪ್ಪಲಸ್ವಾಮಿ ಹಲಗೆಯ ಮೇಲಿನ ಧೂಳು ಒರೆಸಿದ.

"ಸೀಲು, ಸಹಿ ಎಲ್ಲ ಪ್ರಯೋಗಾಲಯಕ್ಕೆ ಕಳಿಸ್ತೀನಿ. ಮೂರು ತಿಂಗಳು ಆಗುತ್ತೆ. ನಂಗೇನೂ ಅವಸರ ಇಲ್ಲ. ನಾಡಿದ್ದು ರೈಲಿರೋದು ಆ ಹುಡುಗಿಗೆ."

ಅಪ್ಪಲಸ್ವಾಮಿ ಎಲ್ಲಾರಮ್ಮನ ಕಡೆ ತಿರುಗಿದ. "ನೀನು ಹಿಡ್ದಿದ್ದಾ?"

"ತೂಕ ನೋಡಿ ಮಾಸ್ಟಾರು."

"ಗ್ರಾಂ ಬಿಡಬಾರ್ದು ಅಂತ ನಾನೇ ಹೇಳ್ಕೊಟ್ಟಿದ್ದು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸ್ವಲ್ಪ ಹೆಮ್ಮೆಯೇ ಇತ್ತು. "ನಿನ್ನ ಉಬ್ಬಸದ ಮಾತ್ರೆಗೆ ಪೇಪರು ಬರೆದೋನೂ ನಾನೇ. ನೆನಪಿದ್ಯಾ?"

"ಇದೆ. ನಿಜ ಬರೆದಿದ್ರಿ. ಅದಕ್ಕೇ ಈ ಬಟ್ಟೆ ಹಾಕಿದೀನಿ."

ಅಪ್ಪಲಸ್ವಾಮಿ ಎದ್ದು ಕಬ್ಬಿಣದ ಪೆಟ್ಟಿಗೆ ತೆರೆದು ರಬ್ಬರ್ ಸೀಲೊಂದನ್ನು ಪಂಚರ ಮುಂದಿಟ್ಟ.

"ಡಾಕ್ಟ್ರ ಹತ್ರ ಬರೆಸಿ, ಅರ್ಜಿ ನಾನೇ ಬರೆದು ಇಪ್ಪತ್ತೆರಡು ಪೇಪರು ಕಳಿಸಿದೀನಿ ಇನ್‌ಸ್ಪೆಕ್ಟರ್‌ಗಾರು. ಉಬ್ಬಸ, ಸಕ್ಕರೆ, ಮೂತ್ರಪಿಂಡ. ಏಳನೇ ಕ್ಲಾಸು ನಾನು. ಡಿಕ್ಷನರಿ ಇಟ್ಕೊಂಡು ಕಲಿತೆ. ಒಂದೂ ವಾಪಸ್ ಬಂದಿಲ್ಲ. ಎಲ್ಲಾ ನಿಜ. ಸುಳ್ಳು ಇದೊಂದೇ. ಪೈಡಿತಲ್ಲೀದನ್ನ ಇದರ ಜೊತೆ ಸೇರಿಸ್ಬೇಡಿ."

"ನೀವೇ ಸೇರಿಸಿದ್ದು," ಎಂದ ಕೂರ್ಮಾರಾವು. ಈಗ ಅವನಿಗೂ ಸಿಟ್ಟು ಬಂದಿತ್ತು. "ಇಪ್ಪತ್ತೆರಡು ನಿಜದ ಪಕ್ಕ ಒಂದು ಸುಳ್ಳು ಇಟ್ರಿ. ಎಲ್ಲದರ ಮೇಲೂ ಮಣ್ಣು ಬಿತ್ತು. ಸೂಜಿ ಚುಚ್ಚಿದ ಆ ಕಳ್ಳನ ಮೇಲೆ ದೂರು ಕೊಡೋಕೆ ನಿಮಗೇನಾಗಿತ್ತು?"

"ದೂರು ಕೊಟ್ರೆ ಹುಡುಗನ ಹೆಸರು ಗೋಡೆ ಮೇಲೆ ಉಳೀತಿತ್ತಾ?"

ಸಂಜೆ 4.40ಕ್ಕೆ ಅಪ್ಪಲಸ್ವಾಮಿಯ ದಸ್ತಗಿರಿ. ಅವನ ಹೆಂಡತಿಗೆ ವಿಷಯ ತಿಳಿಸಿ ಸಹಿ ಪಡೆದರು. ಸೂಜಿ ಚುಚ್ಚಿದವನ ಮೇಲೆ ಬೇರೆ ಪ್ರಕರಣ ದಾಖಲಾಯಿತು. 6.05ಕ್ಕೆ ಕೂರ್ಮಾರಾವು ತಾನೇ ಕೂತು ದೆಹಲಿಗೆ ವರದಿ ಕಳಿಸಿದ: ಸುಳ್ಳು ಒಂದು, ಉಳಿದ ಮೂರು ಅಸಲಿ. ಪೋಲಿನಾಯುಡು ರಾತ್ರಿ ಕಳೆಯುವ ಮೊದಲೇ ತನ್ನ ಚುಚ್ಚುಮದ್ದಿನ ವಿಷಯವನ್ನು ತಾನೇ ದೆಹಲಿಗೆ ಬರೆದ, ತೆಲುಗಿನಲ್ಲಿ. ಶಿಕ್ಷೆ ಎಷ್ಟಾದರೂ ಆಗಲಿ, ಹೆಸರಿಗೆ ತಾನೇ ಜವಾಬು ಕೊಡುತ್ತೇನೆ ಎಂದು ಅದರಲ್ಲಿತ್ತು.

ಪಂಚನಾಮೆಯಲ್ಲಿ ಬರೆಯದ ಸಂಗತಿಯೊಂದಿದೆ. ಆ ಗೋಡೆಯಲ್ಲಿ ಹನ್ನೊಂದನೇ ಹೆಸರಿನ ಜಾಗ ಖಾಲಿ. ಸುಣ್ಣದ ಕೆಳಗೆ ಅಕ್ಷರಗಳು ಇನ್ನೂ ಉಬ್ಬಿಕೊಂಡಿವೆ: ಸೀರ ಅಪ್ಪಲಸ್ವಾಮಿ. 1996ರಲ್ಲಿ ಕಾಲು ಬಾತು, ಆಸ್ಪತ್ರೆಯಲ್ಲಿ ನೀರಿಳಿಯುವ ಮಾತ್ರೆ ಕೊಟ್ಟಿದ್ದರು. ಅದು ನಿಷೇಧದ ಪಟ್ಟಿಯಲ್ಲಿದೆ ಎಂದು ಯಾರೂ ಹೇಳಲಿಲ್ಲ. ಪದಕ ಕಿತ್ತುಕೊಂಡರು, ಎರಡು ವರ್ಷ ಆಚೆ ಹಾಕಿದರು. ಗೋಡೆಯ ಮೇಲಿನ ಹೆಸರಿಗೆ ಊರವರು ಸುಣ್ಣ ಬಳಿಯುವಾಗ ಬಕೆಟ್ ಹಿಡಿದು ನಿಂತಿದ್ದವನು ಅವನೇ. ಗೊತ್ತಿಲ್ಲದೆ ತಪ್ಪಿದ ಇನ್ನೊಬ್ಬ ಹುಡುಗನ ಹೆಸರಿಗೆ ಸುಣ್ಣ ಬೀಳುವುದನ್ನು ಅವನು ನೋಡಲಾರದೆ ಹೋದ. ಅಪರಾಧ ಅಪರಾಧವೇ. ಕಾರಣ ಇಷ್ಟು.

24 ನವೆಂಬರ್, ಬೆಳಗ್ಗೆ 11.00. ಎಲ್ಲಾರಮ್ಮ ಕಾಗದಪತ್ರದ ಕೆಲಸಕ್ಕೆ ಸಬ್‌ಜೈಲಿಗೆ ಹೋದಳು. ಅಪ್ಪಲಸ್ವಾಮಿ ಸಲಾಕೆಯ ಆಚೆ ಕೂತಿದ್ದ.

"ಪೈಡಿತಲ್ಲಿ ಗೆದ್ಲು ಮಾಸ್ಟಾರು. ಚಿನ್ನ."

"ತೂಕ?"

"ಐವತ್ತೇಳು ಪಾಯಿಂಟ್ ಆರು ಸೊನ್ನೆ."

"ಮೂತ್ರ ಪರೀಕ್ಷೆಗೆ ಕರೆದ್ರಾ? ಪೇಪರು ಕೇಳಿದ್ರಾ?"

"ಕರೆದ್ರು. ಕೇಳಿದ್ರು. ತೋರಿಸಿದ್ಲು. ಸರಿಯಾಗಿದೆ ಅಂದ್ರು."

ಅಪ್ಪಲಸ್ವಾಮಿ ಬೆನ್ನು ನೆಟ್ಟಗೆ ಮಾಡಿ ಕೂತ.

"ಹಂಗಾದ್ರೆ ನಿಜದ ಪೇಪರು ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ನಿಂತ್ವು," ಎಂದ.