ಕಟ್ಟೆಯ ಮೇಲಿನ ಉತ್ತರ

ಬೆಂಕಿಪೊಟ್ಟಣದಷ್ಟಿದ್ದ ಸೊಲ್ಲುಪೆಟ್ಟಿಗೆ ಬೆಟಗೇರಿಯ ನೇಕಾರರ ಓಣಿಯ ಮೊದಲ ಮನೆಯ ಕಟ್ಟೆಯ ಮೇಲೆ ಕೆಂಪಾಗಿ ಮಿನುಗಿತು. ಅದೇ ಕ್ಷಣ ಬೆಂಗಳೂರಿನ ಕಚೇರಿಯ ಗೋಡೆಯ ನಕ್ಷೆಯಲ್ಲೂ ಒಂದು ಕೆಂಪು ಚುಕ್ಕೆ ಮೂಡಿತು. ಮಧ್ಯಾಹ್ನದ ಹೊತ್ತಿಗೆ ಚುಕ್ಕೆಗಳು ನಲವತ್ತೊಂದಾದವು. ಓಣಿಯ ಅಷ್ಟೂ ಮನೆಗಳು!

ಆ ಪೆಟ್ಟಿಗೆಯನ್ನು ಕಂಡುಹಿಡಿದವರು ಡಾ. ವಿಶಾಲಾ ಉಪ್ಪುಂದ. ಬದುಕು ಬೇಡವೆನಿಸಿದವರು ನಗುತ್ತ ಮಾತಾಡಿದರೂ ಅವರ ಉಸಿರಿಗೂ ಮಾತಿಗೂ ನಡುವಿನ ಅಂತರ ಕೂದಲೆಳೆಯಷ್ಟು ಹಿಗ್ಗುತ್ತದೆ. ನಮ್ಮ ಕಿವಿಗೆ ಸಿಗದ ಆ ಅಂತರವನ್ನು ಪೆಟ್ಟಿಗೆ ಅಳೆಯುತ್ತಿತ್ತು. ಆತ್ಮಹತ್ಯೆ ತಡೆಯುವ ರಾಷ್ಟ್ರೀಯ ಅಭಿಯಾನ 2057ರಲ್ಲಿ ಅದನ್ನು ಆರೋಗ್ಯ ಕಾರ್ಯಕರ್ತೆಯರ ಕೈಗೆ ಕೊಟ್ಟಿತು. ವಾರಕ್ಕೊಮ್ಮೆ ಮನೆಮನೆಗೆ ಹೋಗಿ, "ಬದುಕು ಸಾಕು ಅನಿಸಿದೆಯೆ?" ಎಂದು ಕೇಳಿ, ಉತ್ತರವನ್ನು ಪೆಟ್ಟಿಗೆಗೆ ಕೇಳಿಸಬೇಕು. ಹಸಿರಾದರೆ ಕ್ಷೇಮ. ಕೆಂಪಾದರೆ ಆಪ್ತಸಮಾಲೋಚಕರು ಬರಬೇಕು. ಕೆಂಪು ವಿಪರೀತವಾದರೆ? ಕಾರ್ಯಕರ್ತೆಗೆ ನೋಟಿಸು. ಸರ್ಕಾರದ ಬುದ್ಧಿ ಎಂದಾದರೂ ಬದಲಾದೀತೆ!

ಸಮಾಲೋಚಕರು ಬೆಟಗೇರಿಗೆ ಎರಡು ಸಲ ಹೋಗಿ, ಚಹಾ ಕುಡಿದು ಬಂದು, "ಜನ ಆರಾಮಾಗಿದ್ದಾರೆ, ಪೆಟ್ಟಿಗೆಯೇ ಕೆಟ್ಟಿದೆ" ಎಂದು ಬರೆದರು.

"ಹನ್ನೊಂದು ವಾರದಿಂದ ಇದೇ ಗೋಳು ಮೇಡಂ," ಎಂದರು ಅಭಿಯಾನದ ನಿರ್ದೇಶಕ ಉದಯಶಂಕರ್. "ಅಲ್ಲಿನ ಕಾರ್ಯಕರ್ತೆ, ಆ ಶೈಲಾ ಹೊಂಬಳಗೆ ನಾಲ್ಕು ನೋಟಿಸ್ ಕೊಟ್ಟಾಯ್ತು. ದಪ್ಪ ಚರ್ಮ!"

ವಿಶಾಲಾ ಓಣಿಯ ಧ್ವನಿಮುದ್ರಣಗಳನ್ನು ತೆರೆದರು. ಅಲ್ಲಿಯವರೆಗೆ ಯಾರೂ ತೆರೆದಿರಲಿಲ್ಲ. ಬಣ್ಣ ಕಾಣುವಾಗ ದನಿ ಯಾರಿಗೆ ಬೇಕು? ಮೊದಲ ಮನೆ: "ಇಲ್ರಿ, ಹಂಗೇನೂ ಅನಿಸಿಲ್ಲ." ಒಂಬತ್ತನೆಯದು, ಮೂವತ್ತನೆಯದು, ಅದೇ ಮಾತು. ನಲವತ್ತೊಂದು ಮನೆಗೂ ಒಬ್ಬಳೇ ಹೆಂಗಸಿನ ದನಿ. ಪೆಟ್ಟಿಗೆ ಕೆಟ್ಟಿರಲಿಲ್ಲ. ಅದು ಒಬ್ಬಳ ಬಗ್ಗೆಯೇ ಹನ್ನೊಂದು ವಾರ ಅರಚಿಕೊಂಡಿತ್ತು.

ಮರುದಿನ ಮಧ್ಯಾಹ್ನ ಓಣಿಯ ಕೊನೆಯ ಕಟ್ಟೆಯ ಮೇಲೆ ಶೈಲಾ ಸಿಕ್ಕಳು. ಐವತ್ತರ ಹೆಂಗಸು, ಹೆಗಲಿಗೆ ಮಾಸಿದ ಚೀಲ. ಬಂದವರು ಯಾರೆಂದು ತಿಳಿದದ್ದೇ ಗಾಬರಿಯಾಗಿ ಎದ್ದು ನಿಂತಳು.

"ಸಿಟ್ಟಾಗಬ್ಯಾಡ್ರಿ ಮೇಡಂ. ಮನ್ಯಾಗ ನಿಂತು ಸಾಯೂ ಮಾತು ಕೇಳಿದ್ರ, 'ಬಿಡ್ತು ಅನ್ನು, ಅಸ್ತು ದೇವತಿಗೋಳು ಅಡ್ಡಾಡ್ತಿರ್ತಾರ, ಅಸ್ತು ಅಂದಾರು' ಅಂತ ಬಾಗಲಾ ಹಾಕ್ತಾರ. ಅದಕ್ಕ ಕಟ್ಟಿಗೆ ಬಂದು ಎಲ್ಲಾರ ಪಾಲಿಂದೂ ನಾನ ಹೇಳಿಬಿಡ್ತೀನಿ. ಇಲ್ಲಂತ ಹೇಳಿದ್ರೂ ಕೆಂಪ ಯಾಕ ಆಗ್ತೈತೋ, ತಿಳೀವಲ್ದು."

ವಿಶಾಲಾ ಪೆಟ್ಟಿಗೆಯನ್ನು ಆರಿಸಿ ಆಕೆಯನ್ನು ಪಕ್ಕದಲ್ಲಿ ಕೂರಿಸಿಕೊಂಡರು. "ಶೈಲಕ್ಕ, ನಿಮಗೆ ಬದುಕು ಸಾಕು ಅನಿಸಿದೆಯಾ?"

"ಇಲ್ರಿ, ಹಂಗೇನೂ..." ಶೈಲಾ ಸೆರಗನ್ನು ಬಾಯಿಗೊತ್ತಿಕೊಂಡು ಬಿಕ್ಕಿಬಿಕ್ಕಿ ಅತ್ತಳು. "ಇಪ್ಪತ್ತೆಂಟ ವರ್ಷ ಎಲ್ಲಾರ ಮನಿಗೆ ಹೋಗೇನ್ರಿ. ನನ್ನ ಮನಿಗೆ ಬಂದದ್ದು ಬರೇ ನೋಟಿಸ."

ವಿಶಾಲಾ ಆ ದಿನ ಆಕೆಯ ಕೈ ಬಿಡಲಿಲ್ಲ. ಮನೋವೈದ್ಯರ ಸರದಿಯಲ್ಲಿ ಜೊತೆಗೆ ಕೂತರು. ಆಮೇಲೆ ಪ್ರತಿ ಭಾನುವಾರ ಫೋನು ಮಾಡಿ, ಹೇಗಿದ್ದೀರಿ ಎಂದು ಕೇಳಿ, ಉತ್ತರ ಬರುವವರೆಗೂ ಕಾದರು. ಔಷಧಿ, ಮಾತು, ಜೊತೆ ಸಿಕ್ಕಿ ಶೈಲಾ ನಿಧಾನವಾಗಿ ಚೇತರಿಸಿಕೊಂಡಳು.

ಕೇಳುವವರನ್ನೂ ಯಾರಾದರೂ ಕೇಳಬೇಕೆಂದು ವಿಶಾಲಾ ವರದಿ ಕೊಟ್ಟರು. ಇಲಾಖೆ ಅದನ್ನು ಶ್ರದ್ಧೆಯಿಂದ ಓದಿ ತಂತ್ರಾಂಶ ತಿದ್ದಿತು: ಇನ್ನು ಮುಂದೆ ಕಾರ್ಯಕರ್ತೆಯ ದನಿ ಕೇಳಿದರೆ ಪೆಟ್ಟಿಗೆ ಹಸಿರನ್ನೇ ತೋರಿಸಬೇಕು. ಮುಂದಿನ ವಾರ ಬೆಟಗೇರಿಯೆಲ್ಲ ಹಸಿರು. ಶೈಲಾಗೆ ಪ್ರಶಂಸಾಪತ್ರ ಬಂತು. ದೇಶದಲ್ಲಿ ಇನ್ನೆಷ್ಟು ಶೈಲಕ್ಕಂದಿರು ಕಟ್ಟೆಯ ಮೇಲೆ ನಿಂತು ಊರವರ ಪಾಲಿನ ಉತ್ತರ ಹೇಳುತ್ತಿದ್ದರೋ, ಆ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ವಿಶಾಲಾ ರಾಜೀನಾಮೆ ಪತ್ರ ಹಿಡಿದು ನಿರ್ದೇಶಕರ ಕೋಣೆಗೆ ಹೋದರು. ಉದಯಶಂಕರ್ ಅವರ ಕಣ್ಣ ಕೆಳಗೆ ಕಪ್ಪಾಗಿತ್ತು. ಪತ್ರ ಕೊಡುವ ಬದಲು, "ಸರ್, ನಿಮಗೆ ಯಾವತ್ತಾದರೂ ಬದುಕು ಸಾಕು ಅನಿಸಿದೆಯಾ?" ಎಂದು ಕೇಳಿದರು.

ಅವರ ತುಟಿ ಒಂದು ಕ್ಷಣ ಅದುರಿತು. ಕೂಡಲೇ, "ಬಿಡ್ತು ಅನ್ನಿ ಮೇಡಂ! ಆಫೀಸಲ್ಲಿ ಕೂತು ಇದೆಂಥ ಮಾತು!" ಎಂದವರೇ, ಹೊರಗೆ ಯಾರಾದರೂ ಕೇಳಿಸಿಕೊಂಡಾರೆಂದು ಎದ್ದು ಹೋಗಿ ಬಾಗಿಲು ಹಾಕಿದರು.